ಮಾಶಾಬಿಯ ಮನೆಗೆ ಬಂದ ಸಮನ್ಸು

ವಾಡಿ ಜಂಕ್ಷನ್ನಿನ ಹಿಂಬದಿಗೆ, ರೈಲು ಹಳಿಗೂ ಕಲ್ಲುಖಣಿಗೂ ನಡುವೆ, ಫರಸಿ ಕಲ್ಲಿನ ಮನೆಗಳ ಒಂದು ಸಣ್ಣ ಓಣಿ. ಅದರ ಕೊನೆಯ ಮನೆ ಮಾಶಾಬಿಯದು. ಹಳೆ ಸೀರೆ, ಹರಿದ ಧೋತರ, ಯಾರೋ ಬಿಟ್ಟ ಅಂಗಿ, ಏನೇ ತಂದುಕೊಟ್ಟರೂ ಪದರುಪದರಾಗಿ ಹಾಸಿ ಕೌದಿ ಹೊಲಿದುಕೊಡುವ ಹೆಂಗಸು. ಅವಳ ಹೊಲಿಗೆ ಇರುವೆ ಸಾಲಿನ ಹಾಗೆ ಎಂದು ಶಹಾಬಾದಿನ ಸಾವುಕಾರರ ಮನೆಗಳಿಂದಲೂ ಬಟ್ಟೆಗಂಟು ಬರುತ್ತಿದ್ದವು. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಮೊದಲು ಅವಳ ನಗೆ ಓಣಿಯ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿತ್ತಂತೆ. ಟಾಂಗಾ ಹೊಡೆಯುತ್ತಿದ್ದ ಗಂಡ ಅಬ್ದುಲ್ ಸಲಾಂ ಊರು ಬಿಟ್ಟ ಮೇಲೆ ಆ ನಗೆ ನಿಂತುಹೋಯಿತು.

ಗಂಡನ ಸುದ್ದಿ ಯಾರಾದರೂ ಕೇಳಿದರೆ ಅವಳ ಬಳಿ ಒಂದೇ ಉತ್ತರವಿತ್ತು. "ಕರ್ನೂಲಿನಾಗ ಅಕ್ಕನ ಮನ್ಯಾಗ ಅದಾರ್ರಿ. ಅಲ್ಲೇ ಕೆಲಸ ಸಿಕ್ಕದ." ಅದು ಸುಳ್ಳು. ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದ್ದರೂ, ಹೇಳುವಾಗಲೆಲ್ಲ ಅವಳ ಕೈ ತಾನಾಗಿ ಸೆರಗಿನ ತುದಿಯನ್ನು ಹಿಂಡುತ್ತಿತ್ತು.

ಹೈದರಾಬಾದಿಗೆ ಭಾರತದ ದಂಡು ಬಂದು ನಿಜಾಮರ ಆಳ್ವಿಕೆ ಮುಗಿದ ಮೇಲೆ ಎರಡನೆಯ ಬೇಸಿಗೆ ಅದು. ಒಂದು ಬೆಳಿಗ್ಗೆ ಮಾಶಾಬಿ ಬಾಗಿಲ ಬಳಿಯ ಬೆಳಕಿಗೆ ಕೌದಿ ಹರವಿಕೊಂಡು ಕೂತಿದ್ದಳು. ಓಣಿಯಲ್ಲಿ ಯಾರೋ ಗಂಡಸು ದೊಡ್ಡ ದನಿಯಲ್ಲಿ ಕೂಗುತ್ತ ಬರುವುದು ಕೇಳಿಸಿತು.

"ಅಬ್ದುಲ್ ಸಲಾಂ! ಟಾಂಗಾ ಹೊಡಿಯೋ ಅಬ್ದುಲ್ ಸಲಾಂ ಮನಿ ಯಾವುದು?"

ಸೂಜಿ ಬೆರಳಿಗೆ ಚುಚ್ಚಿತು. ಅವಳಿಗೆ ಅದು ತಿಳಿಯಲಿಲ್ಲ. ಬಿಳಿಯ ಬಟ್ಟೆಯ ಮೇಲೆ ರಕ್ತದ ಚುಕ್ಕೆ ಹರಡಿದಾಗಲೇ ನೋಡಿದಳು. ಅಷ್ಟರಲ್ಲಿ ಖಾಕಿ ಕೋಟು, ಹಿತ್ತಾಳೆ ಬಿಲ್ಲೆಯ ಪಟ್ಟಿ ಹಾಕಿಕೊಂಡ ಅದಾಲತ್ತಿನ ಚಪರಾಸಿ ಬಾಗಿಲಿಗೆ ಬಂದು ನಿಂತಿದ್ದ.

"ಅವನ ಮನಿ ಇದೇ ಹೌದಿಲ್ಲೋ?"

"ಹೌದ್ರಿ. ಅವರು ಊರಾಗಿಲ್ರಿ."

"ಊರಾಗಿಲ್ಲಂದ್ರ ನಾ ಏನ್ ಮಾಡ್ಲಿ? ಚಿತ್ತಾಪುರ ಅದಾಲತ್ತಿನ ಸಮನ್ಸ್ ಅದ. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಹಾಜರಾಗಬೇಕು."

"ಎದಕ್ಕರಿ?"

"ಕೊಡು ಅಂದ್ರ ಕೊಡಾವ ನಾ. ಒಳಗೇನು ಬರದಾರ ಅಂತ ನನಗೇನು ಗೊತ್ತು? ಬರಲಿಲ್ಲಂದ್ರ ವಾರಂಟ್ ಆಗ್ತದ. ಆಮ್ಯಾಲ ನಾ ಬರಂಗಿಲ್ಲ, ಪೊಲೀಸರೇ ಬರ್ತಾರ. ಇಲ್ಲಿ ಹೆಬ್ಬೆಟ್ಟು ಒತ್ತು."

ರಕ್ತ ಬರುತ್ತಿದ್ದ ಬೆರಳನ್ನು ಬಿಟ್ಟು ಇನ್ನೊಂದು ಕೈಯ ಹೆಬ್ಬೆಟ್ಟು ಒತ್ತಿದಳು. ಚಪರಾಸಿ ಹೋದ. ಓಣಿಯ ಬಾಗಿಲುಗಳಲ್ಲಿ ಮುಖಗಳು ಕಾಣಿಸಿಕೊಂಡು ಮತ್ತೆ ಒಳಸೇರಿದವು. ಮಾಶಾಬಿ ಒಳಗೆ ಹೋಗಿ ಕದ ಹಾಕಿಕೊಂಡಳು. ಕಾಗದವನ್ನು ಜೋಳದ ಹರವಿಯ ಹಿಂದಿಟ್ಟಳು, ಮತ್ತೆ ತೆಗೆದಳು. ಅದು ಉರ್ದುವಿನಲ್ಲಿತ್ತು. ಅವಳಿಗೆ ಉರ್ದು ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಏನು ಬರೆದಿರಬಹುದೆಂಬುದು ಓದದೆಯೂ ಗೊತ್ತು ಅನಿಸಿತು.

ಅದಕ್ಕೆ ಕಾರಣವಿತ್ತು. ದಂಡು ಬರುವ ಮುಂಚಿನ ಮಳೆಗಾಲ, ನಿಜಾಮರ ಪರ ಬಂದೂಕು ಹಿಡಿದ ರಜಾಕಾರರ ಕೈ ಮೇಲಾಗಿದ್ದ ಕಾಲ. ಒಂದು ಸಂಜೆ ಸ್ಟೇಷನ್ನಿನ ಮುಂದೆ ನಾಲ್ವರು ಬಂದೂಕು ಹಿಡಿದುಕೊಂಡು ಅಬ್ದುಲ್ ಸಲಾಮನ ಟಾಂಗಾ ಹತ್ತಿ ಕೂತರು. ನಡಿ ಎಂದರು. ಕಾಗಿಣಾ ಹೊಳೆದಂಡೆಯ ಒಂದು ಹಳ್ಳಿಗೆ ಹೊಡೆಸಿಕೊಂಡು ಹೋದರು. ಊರಿನ ಹೆಬ್ಬಾಗಿಲಾದ ಅಗಸಿಯ ಹೊರಗೆ ಗಾಡಿ ನಿಲ್ಲಿಸಿ, ಅಲುಗಾಡಿದರೆ ಸುಡುತ್ತೇವೆ ಎಂದು ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಣವೆ ಹತ್ತಿಕೊಂಡು ಆಕಾಶ ಕೆಂಪಾಯಿತು. ಯಾರೋ ಹುಡುಗ ಪ್ರಾಣ ಹೋಗುವ ಹಾಗೆ ಕಿರುಚಿದ. ಕುದುರೆ ಬೆದರಿತು. ಅಬ್ದುಲ್ ಸಲಾಂ ಅದರ ಕಡಿವಾಣ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಆ ನಾಲ್ವರನ್ನು ಮತ್ತೆ ಕೂರಿಸಿಕೊಂಡು ಬಂದ. ಮನೆಗೆ ಬಂದು ಹೆಂಡತಿಯ ಮುಂದೆ ಒಂದೇ ಮಾತು ಹೇಳಿದ. "ಇಳದು ಓಡಬಹುದಿತ್ತು ಮಾಶಾ. ನಾ ಓಡಲಿಲ್ಲ."

ದಂಡು ಬಂತು. ರಜಾಕಾರರು ದಿಕ್ಕಾಪಾಲಾದರು. ಅವರ ಬೆನ್ನಿಗೆ ಊರೂರುಗಳಲ್ಲಿ ಸೇಡು ಎದ್ದಿತು. ಮಾಡಿದವರು ತಪ್ಪಿಸಿಕೊಂಡರು, ಏನೂ ಮಾಡದ ಎಷ್ಟೋ ಮಂದಿ ಸತ್ತರು. ಆಮೇಲೆ ಪೊಲೀಸರು, ಯಾರು ಯಾರ ಜೊತೆ ಹೋಗಿದ್ದರು ಎಂದು ಕೇಳುತ್ತ ತಿರುಗತೊಡಗಿದರು. ವಾಡಿಯಿಂದಲೂ ಇಬ್ಬರನ್ನು ಒಯ್ದರು. ಆ ವಾರವೇ ಅಬ್ದುಲ್ ಸಲಾಂ ಹೆಗಲಿಗೊಂದು ಕಂಬಳಿ ಹಾಕಿಕೊಂಡು ಹೊರಟುಹೋದ. ಮಾಶಾಬಿಯ ತವರು ಚಿಂಚೋಳಿ. ಅಲ್ಲಿಂದ ಆಚೆ ಕುಂಚಾವರಂ ಅಡವಿಯ ಅಂಚಿನಲ್ಲಿ ಅವಳ ಸೋದರಮಾವ ಇದ್ದಿಲು ಸುಡುವ ಕೆಲಸ ಮಾಡುತ್ತಿದ್ದ. ಅವನ ಗುಡಿಸಲಿನಲ್ಲಿ, ಖಾಸಿಂ ಎಂಬ ಹೆಸರಿನಲ್ಲಿ, ತೆಲುಗು ಮಾತಾಡುವ ಕೂಲಿಗಳ ನಡುವೆ ಅವನು ಕಟ್ಟಿಗೆ ಕಡಿಯುತ್ತ ಉಳಿದುಬಿಟ್ಟ. ತವರಿಗೆ ಹೋಗಿ ಬರುತ್ತೇನೆ ಎಂದು ಮಾಶಾಬಿ ಅಪರೂಪಕ್ಕೊಮ್ಮೆ ಹೋಗುವುದು, ಅವನನ್ನು ಕಂಡು ಬರುವುದು. ಕುದುರೆ, ಟಾಂಗಾಗಳನ್ನು ಪಕ್ಕದ ಮನೆಯ ಜಟ್ಟೆಪ್ಪ ಗಳಿಕೆಯ ಪಾಲಿಗೆ ಹೊಡೆಯುತ್ತಿದ್ದ.

ಈಗ ಕಾಗದ ಬಂದಿತ್ತು. ವಾಡಿಯಲ್ಲಿ ಓದುಬಲ್ಲವರಿಗೆ ಕೊರತೆ ಇರಲಿಲ್ಲ. ಆದರೆ ಓದಿದವರು ಸುಮ್ಮನಿರುವವರಲ್ಲ. ಮರುದಿನ ಅವಳು ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಬ್ಬಳೇ ಚಿತ್ತಾಪುರದ ರೈಲು ಹತ್ತಿದಳು. ಡಬ್ಬಿಯಲ್ಲಿ ಎದುರಿಗೆ ಕೂತ ಪೇದೆಯೊಬ್ಬ ನಿದ್ದೆ ಮಾಡುತ್ತಿದ್ದ. ಅವನು ಮಗ್ಗುಲು ಬದಲಿಸಿದಾಗಲೆಲ್ಲ ಇವಳು ಗಂಟನ್ನು ಮುಷ್ಟಿಯಲ್ಲಿ ಬಿಗಿ ಹಿಡಿಯುತ್ತಿದ್ದಳು.

ಅದಾಲತ್ತಿನ ಪಡಸಾಲೆಯಲ್ಲಿ ಪೇಶ್ಕಾರ ನಾಗೇಂದ್ರಪ್ಪ ಕೂತಿದ್ದ. ಯಾವ ಮೊಕದ್ದಮೆ ಯಾವಾಗ, ಯಾರನ್ನು ಯಾವಾಗ ಕರೆಯಬೇಕು, ಎಲ್ಲ ಅವನ ಕೈಯಲ್ಲಿ. ಹಣೆಯಲ್ಲಿ ವಿಭೂತಿ, ಮೂಗಿನ ತುದಿಗೆ ಕನ್ನಡಕ. ಮಾಶಾಬಿ ಬಹಳ ಹೊತ್ತು ಕಂಬದ ಮರೆಗೆ ನಿಂತಿದ್ದಳು. ಕೊನೆಗೆ ಅವನೇ ನೋಡಿ ಕೇಳಿದ.

"ಏನು ಬಾಯಿ, ಯಾರ ಮೊಕದ್ದಮಾ?"

ಅವಳು ಕಾಗದ ಚಾಚಿದಳು. ಅವನು ಓದಿ, ಕನ್ನಡಕದ ಮೇಲಿಂದ ಅವಳನ್ನು ನೋಡಿದ. "ಅಬ್ದುಲ್ ಸಲಾಂ. ನೀ ಅವನಿಗಿ ಏನಾಗಬೇಕು?"

"ಬಾಜೂ ಮನ್ಯಾಕಿರಿ," ಎಂದಳು. ಸುಳ್ಳು ತಾನಾಗಿ ಬಂದಿತ್ತು.

ನಾಗೇಂದ್ರಪ್ಪ ಎದ್ದು ಅಲಮಾರಿಗೆ ಹೋದ. ಮೇಲಿನ ಹಲಗೆಯ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ದಪ್ಪ ಗಂಟುಗಳಿದ್ದವು. ಅವನ ಕೈ ಅತ್ತ ಹೋಯಿತು. ಕೊಲೆ, ಸುಲಿಗೆ, ಬೆಂಕಿ, ಎಲ್ಲ ಅವುಗಳಲ್ಲೇ ಇರಬೇಕು ಎಂದು ಮಾಶಾಬಿಗೆ ಅನಿಸಿತು. ಅವನು ಅವುಗಳನ್ನು ಪಕ್ಕಕ್ಕೆ ಸರಿಸಿ ಹಿಂದಿನಿಂದ ಒಂದು ತೆಳ್ಳನೆಯ ಕಟ್ಟು ಎಳೆದ.

"ಹಾಂ. ಟಾಂಗಾದ್ದು. ಹೊತ್ತು ಮುಣಗಿದ ಮ್ಯಾಲ ಬತ್ತಿ ಇಲ್ದ ಗಾಡಿ ಹೊಡದಾನ. ವಾಡಿ ರೈಲು ಗೇಟಿನ ಹತ್ರ ಪೊಲೀಸ ಹಿಡದು ಚಲಾನ್ ಮಾಡ್ಯಾನ."

"ಯಾವಾಗ್ರಿ?"

"ಹೋದ ತಿಂಗಳ."

ಹೋದ ತಿಂಗಳು ಅವಳ ಗಂಡ ಕುಂಚಾವರಂ ಬಿಟ್ಟು ಕದಲಿರಲಿಲ್ಲ. ಬತ್ತಿಯ ನೆಪ ಮಾಡಿ ಕರೆಸಿಕೊಂಡು ಹಿಡಿಯುತ್ತಾರೆ, ಬೋನಿಗೆ ರೊಟ್ಟಿ ತುಂಡು ಇಟ್ಟ ಹಾಗೆ, ಎಂದು ಅವಳಿಗೆ ಕಂಡಿತು.

"ದಂಡ ಎಷ್ಟದ ನಾ ಕಟ್ಟಿ ಹೋಗ್ತೀನ್ರಿ ಸಾಹೇಬ್ರ."

"ಹಂಗ ನಡಿಯಂಗಿಲ್ಲ. ಲೈಸೆನ್ಸು ಯಾರ ಹೆಸರಿಲೆ ಅದ ಅವನೇ ಬಂದು ಹುಜೂರ್ ಮುಂದ ನಿಂದ್ರಬೇಕು."

"ಬರಲಿಲ್ಲಂದ್ರ?"

ನಾಗೇಂದ್ರಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡ. "ಯಾಕ ಬರಂಗಿಲ್ಲ? ಬತ್ತಿ ಕೇಸಿಗಿ ಯಾರಾದರೂ ಓಡಿ ಹೋಗ್ತಾರೇನು?"

ಮಾಶಾಬಿ ಕಾಗದ ತೆಗೆದುಕೊಂಡು ಸೆರಗಿಗೆ ಕಟ್ಟಿದಳು. ಅವನ ಕಣ್ಣು ತನ್ನ ಬೆನ್ನಿಗೆ ಅಂಟಿದೆ ಎನ್ನುವಂತೆ ಸರಸರ ಮೆಟ್ಟಿಲಿಳಿದಳು.

ವಾಡಿಗೆ ಬಂದವಳು ಮನೆಗೆ ಹೋಗದೆ ನೇರ ಜಟ್ಟೆಪ್ಪನ ಅಂಗಳಕ್ಕೆ ಹೋದಳು. ಅವನು ಕುದುರೆಗೆ ಹುರುಳಿ ಇಡುತ್ತಿದ್ದ. ಆಳು ಗಟ್ಟಿ, ಕುಸ್ತಿ ಮಾಡಿ ಕಿವಿ ಮುದುಡಿಕೊಂಡವ. ಆದರೆ ಖಾಕಿ ಬಟ್ಟೆ ಕಂಡರೆ ಅವನಿಗೂ ಅಂಜಿಕೆ.

"ಜಟ್ಟೆಪ್ಪ, ಗೇಟಿನ ಹತ್ರ ಪೊಲೀಸ ನಿನಗ ಹಿಡದಿದ್ದ?"

ಅವನ ಕೈಯಲ್ಲಿದ್ದ ಬುಟ್ಟಿ ಹಾಗೇ ನಿಂತಿತು. "ಹೌದು ಭಾಬಿ."

"ನನ್ಗ ಹೇಳಲಿಲ್ಲ."

"ಬತ್ತಿ ಎಣ್ಣಿ ತೀರಿತ್ತು. ಹೊಸ ಪೊಲೀಸ, ಎಲ್ಲಿಯಾವನೋ, ಅವನ ಮಾತು ನನಗ ತಿಳೀಲಿಲ್ಲ, ನಂದು ಅವನಿಗಿ ತಿಳೀಲಿಲ್ಲ. ಹೆಸರು ಕೇಳಲಿಲ್ಲ, ಗಾಡಿ ನಂಬರ್ ಬರಕೊಂಡು ಹೋದ. ಆ ನಂಬರಿಗಿ ಅಣ್ಣನ ಹೆಸರು ಅದ ಅಂತ ಆಮ್ಯಾಲ ಹೊಳೀತು. ಹೇಳಿದ್ರ ಗಾಡಿ ಕಸಗೊಂತೀರಿ ಅಂತ ಅಂಜಿದೆ."

"ನೀ ಗಾಡಿಗಿ ಅಂಜಿದಿ. ನನಗ ಎಂಥಾ ಅಂಜಿಕಿ ಅದ ನಿನಗ ಗೊತ್ತಿಲ್ಲ."

ಜಟ್ಟೆಪ್ಪ ಬುಟ್ಟಿ ಕೆಳಗಿಟ್ಟ. ದನಿ ತಗ್ಗಿಸಿದ. "ಗೊತ್ತದ ಭಾಬಿ. ಕರ್ನೂಲಿನ ರೈಲಿಗಿ ನೀವು ಒಮ್ಮೀನೂ ಹತ್ತಿಲ್ಲ. ಬರೀ ಚಿಂಚೋಳಿ ಕಡೀಗೇ ಹೋಗ್ತೀರಿ. ಓಣಿ ಮಂದಿಗೆಲ್ಲ ಗೊತ್ತದ. ಯಾರೂ ಬಾಯಿ ಬಿಟ್ಟಿಲ್ಲ, ಅಷ್ಟೆ."

ಮಾಶಾಬಿ ಓಣಿಯ ಬಾಗಿಲುಗಳತ್ತ ತಿರುಗಿ ನೋಡಿದಳು. ಇಷ್ಟು ದಿನ ತಾನೊಬ್ಬಳೇ ಹೊತ್ತಿದ್ದೇನೆಂದುಕೊಂಡಿದ್ದು ಎಲ್ಲರಿಗೂ ತಿಳಿದಿತ್ತು. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಅಂಜಿಕೆಯಾಯಿತು. ಓಣಿಗೆ ತಿಳಿದದ್ದು ಠಾಣೆಗೆ ತಿಳಿಯುವುದು ಎಷ್ಟು ಹೊತ್ತು?

ಅವಳು ಸೇಡಂವರೆಗೆ ರೈಲಿನಲ್ಲಿ, ಅಲ್ಲಿಂದ ಚಿಂಚೋಳಿಗೆ ಮೋಟಾರಿನಲ್ಲಿ, ಮುಂದೆ ಸಂತೆಯ ಗಾಡಿಗಳಲ್ಲಿ ಹೋದಳು. ಕುಂಚಾವರಂ ಅಡವಿಯಲ್ಲಿ ಎಲೆಯುದುರಿ ಬಿಸಿಲು ನೇರ ನೆಲಕ್ಕೆ ಬೀಳುತ್ತಿತ್ತು. ಇದ್ದಿಲ ಗುಂಡಿಯ ಹೊಗೆಯೊಳಗಿಂದ ಅಬ್ದುಲ್ ಸಲಾಂ ಎದ್ದು ಬಂದ. ಹುಬ್ಬು, ರೆಪ್ಪೆ ಎಲ್ಲ ಕರಿ. ದೂರದಿಂದ ಅವಳನ್ನು ಕಂಡೊಡನೆ ಮೊದಲು ಅವಳ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದ. ಆಮೇಲೆ ಹತ್ತಿರ ಬಂದ.

ಅವಳು ಎಲ್ಲ ಹೇಳಿದಳು. ಅವನು ಕೇಳುತ್ತ ಕೇಳುತ್ತ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

"ಬಲಿ ಬೀಸ್ಯಾರ ಮಾಶಾ. ಬತ್ತಿ ಅಂತಾರ. ಹೋಗಿ ನನ್ನ ಹೆಸರು ಹೇಳಿದ್ನೋ, ಇನ್ನೊಂದು ಕಾಗದ ತಗೀತಾರ."

"ಬತ್ತಿದು ಖರೇ ಅದ. ಜಟ್ಟೆಪ್ಪ ಒಪ್ಪಿಕೊಂಡಾನ."

"ಖರೇ ಇರ್ಲಿ. ಅದಾಲತ್ತಿನಾಗ ಕುಂತವರಿಗಿ ಒಂದು ಹೆಸರಿಗಿ ಒಂದೇ ಕಾಗದ ಇರ್ತದೇನು?"

ರೈಲಿನಲ್ಲಿ ಅವಳಿಗೂ ಅದೇ ಅನಿಸಿತ್ತು.

"ಕುದುರಿ ಮಾರಿಬಿಡು," ಎಂದ ಅವನು. "ನಾ ಹೊಳಿ ದಾಟಿ ಆ ಕಡಿ ತೆಲಂಗಾಣಕ್ಕ ಹೋಗ್ತೀನಿ. ಅಲ್ಲಿ ಯಾರೂ ಗುರ್ತು ಹಿಡಿಯಂಗಿಲ್ಲ."

"ಹೋಗ್ರಿ," ಎಂದಳು ಮಾಶಾಬಿ. "ವಾರಂಟ್ ಆಗ್ತದ. ನನ್ನ ಮನಿಗಿ ಬರ್ತಾರ, ಚಿಂಚೋಳಿನಾಗ ನಮ್ಮವ್ವನ ಮನಿಗಿ ಬರ್ತಾರ. ನೀವು ಎಲ್ಲಿ ಅಂತ ಕೇಳ್ತಾರ. ಈ ಸಲ ನನ್ನಿಂದ ಸುಳ್ಳು ಹೇಳೂದಾಗಂಗಿಲ್ರಿ. ಯಾರಾದರೂ ಓಣ್ಯಾಗ ಕೆಮ್ಮಿದ್ರ ನನ್ನ ಜೀವ ಹೋಗ್ತದ. ಹಿಂಗ ಬದುಕೂದು ನನಗ ಸಾಕಾಗ್ಯದ. ಹಿಡೀತಾರಂದ್ರ ಹಿಡೀಲಿ, ನೀವು ಎಲ್ಲಿ ಅದೀರಿ ಅಂತ ನನಗ ಗೊತ್ತಾದರೂ ಆಗ್ತದ."

ಆ ದಿನವೆಲ್ಲ ಅವನು ಗುಂಡಿಗೆ ಮಣ್ಣು ಮುಚ್ಚುತ್ತಲೇ ಇದ್ದ. ಮರುದಿನ ಹೊರಡುವಾಗ ಅವಳು ಹಿಂತಿರುಗಿ ನೋಡಿದರೆ ಅವನು ಹೆಗಲಿಗೆ ಕಂಬಳಿ ಹಾಕಿಕೊಂಡು ಹಿಂದೆ ಹಿಂದೆ ಬರುತ್ತಿದ್ದ.

ಸೋಮವಾರ ಚಿತ್ತಾಪುರದ ಅದಾಲತ್ತಿನ ಅಂಗಳದಲ್ಲಿ ಜನ ಕಿಕ್ಕಿರಿದಿತ್ತು. ಬೇವಿನ ಗಿಡದ ಕೆಳಗೆ ಅಬ್ದುಲ್ ಸಲಾಂ ಟವೆಲಿನಿಂದ ಮುಖ ಅರ್ಧ ಮುಚ್ಚಿಕೊಂಡು ಕೂತಿದ್ದ. ಜಟ್ಟೆಪ್ಪನೂ ಬಂದಿದ್ದ. ಮಾಶಾಬಿ ಗಂಡನ ಪಕ್ಕದಲ್ಲಿ ಕೂತು ಪೊಲೀಸರನ್ನು ನೋಡುತ್ತಿದ್ದಳು. ಅವರು ಬೀಡಿ ಸೇದುತ್ತ, ನೀರು ಕುಡಿಯುತ್ತ ತಮ್ಮ ಪಾಡಿಗೆ ತಾವಿದ್ದರು. ಹಾಗಿರುವುದೇ ಅವಳಿಗೆ ಅನುಮಾನ ತರಿಸಿತು.

ಒಮ್ಮೆಲೇ ಅಬ್ದುಲ್ ಸಲಾಂ ಅವಳ ಮಣಿಕಟ್ಟು ಹಿಡಿದ.

"ಅಲ್ಲಿ ನೋಡು. ಕೆಂಪು ರುಮಾಲು."

ಹುರಿಮೀಸೆಯ ಎತ್ತರದ ರೈತನೊಬ್ಬ ಬಾವಿಕಟ್ಟೆಗೆ ಒರಗಿ ನಿಂತಿದ್ದ.

"ಆ ಊರಿನವ. ಸೂಗಪ್ಪ ಅಂತ ಕೂಗಿ ಅವನ ಮನಿ ಬಾಗಿಲೇ ಬಡದಿದ್ರು. ಸುಟ್ಟಿದ್ದು ಅವನ ಬಣವಿ. ಓಡಿ ಅಗಸಿತನ ಬಂದಿದ್ದ, ಬೆಂಕಿ ಬೆಳಕಿನಾಗ ನನ್ನ ಮಾರಿ ನೋಡ್ಯಾನ."

ಸೂಗಪ್ಪ ಹೊಲದ ಗಡಿಯ ಮೊಕದ್ದಮೆಗೆ ಬಂದವನು. ಅವನ ನೋಟ ಜನರ ಮೇಲೆ ಹರಿಯುತ್ತ ಬೇವಿನ ಗಿಡದ ಕೆಳಗೆ ಬಂದು ನಿಂತಿತು. ಟವೆಲಿನ ಮೇಲಿನ ಕಣ್ಣುಗಳನ್ನು ಅವನು ನೋಡುತ್ತಲೇ ಇದ್ದ. ಮಾಶಾಬಿ ಎದ್ದು ಗಂಡನ ಮುಂದೆ ಅಡ್ಡ ನಿಂತಳು. ಓಡೋಣ ಎನ್ನಬೇಕೆಂದು ಬಾಯಿ ತೆರೆದಳು. ಆಗಲೇ ಪಡಸಾಲೆಯಿಂದ ಕೂಗು ಬಂತು.

"ಅಬ್ದುಲ್ ಸಲಾಂ ಹಾಜರ್ ಹೈ?"

ಒಂದೂವರೆ ವರ್ಷದಿಂದ ಯಾರೂ ಗಟ್ಟಿಯಾಗಿ ಹೇಳದ ಹೆಸರು. ಅದನ್ನು ಕೇಳಿದ ಸೂಗಪ್ಪ ಬಾವಿಕಟ್ಟೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಅಬ್ದುಲ್ ಸಲಾಂ ಏಳಲು ಹೋದ, ಕಾಲು ಏಳಲಿಲ್ಲ. ಚಪರಾಸಿ ಎರಡನೆಯ ಸಲ ಕೂಗಿದ. ಜಟ್ಟೆಪ್ಪ ಒಂದು ರಟ್ಟೆಗೆ ಕೈ ಹಾಕಿದ, ಮಾಶಾಬಿ ಇನ್ನೊಂದಕ್ಕೆ. ಹಾಗೇ ಒಳಗೆ ಒಯ್ದರು.

ಮುನ್ಸಿಫರು ತಲೆ ತಗ್ಗಿಸಿ ಬರೆಯುತ್ತಿದ್ದರು. ಮುಂದೆ ಕಾಗದದ ರಾಶಿ.

"ಟಾಂಗಾ ನಿಂದೇನು?"

"ಹೌದು ಹುಜೂರ್."

"ಗುನ್ಹೆ ಒಪ್ಪಿಕೊಳ್ತೀಯೋ ಇಲ್ಲೋ?"

ಮಾಶಾಬಿ ಬಾಗಿಲ ಹತ್ತಿರ ನಿಂತಿದ್ದಳು. ಗುನ್ಹೆ ಎಂಬ ಮಾತು ಕೇಳಿದ್ದೇ ತಡ, ಅವಳ ಗಂಡ ಎರಡೂ ಕೈ ಜೋಡಿಸಿಬಿಟ್ಟ.

"ಹುಜೂರ್, ಅವರ ಕೈಯಾಗ ಬಂದೂಕಿದ್ವು. ನಾ ಬರೇ ಗಾಡಿ ಹೊಡದೆ ಹುಜೂರ್, ನಾ ಊರೊಳಗ ಕಾಲಿಟ್ಟಿಲ್ಲ, ಅಲ್ಲಾನ ಆಣಿ, ನಾ ಅಗಸಿ ಹೊರಗೇ ನಿಂತಿದ್ದೆ..."

ಮುನ್ಸಿಫರ ಲೇಖನಿ ನಿಂತಿತು. ಅವರು ತಲೆ ಎತ್ತಿದರು.

"ಯಾವ ಬಂದೂಕು? ಯಾವ ಊರು?"

ಮಾಶಾಬಿ ಪಕ್ಕಕ್ಕೆ ನೋಡಿದಳು. ಕೆಂಪು ರುಮಾಲಿನ ಸೂಗಪ್ಪ ಬಾಗಿಲ ಚೌಕಟ್ಟು ಹಿಡಿದು ಅವಳ ಮಗ್ಗುಲಲ್ಲೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಒಂದು ಮಾತು ಅವನ ಬಾಯಿಂದ ಬಂದರೆ ಮುಗಿಯಿತು. ಅವಳು ಅವನ ಮುಖವನ್ನೇ ನೋಡಿದಳು.

ಜಟ್ಟೆಪ್ಪ ಜನರನ್ನು ತಳ್ಳಿಕೊಂಡು ಮುಂದೆ ಹೋದ. "ಹುಜೂರ್, ಅವತ್ತು ಗಾಡಿ ಹೊಡದಾವ ನಾನ್ರಿ. ಇವರು ಊರಾಗೇ ಇರಲಿಲ್ಲ. ಬತ್ತಿ ಎಣ್ಣಿ ತೀರಿತ್ತು. ತಪ್ಪು ನಂದು. ನನಗೇ ಶಿಕ್ಷಾ ಕೊಡ್ರಿ."

ನಾಗೇಂದ್ರಪ್ಪ ಎದ್ದು ಮುನ್ಸಿಫರ ಕಡೆ ಬಾಗಿದ. "ಬತ್ತಿ ಇಲ್ಲದ ಟಾಂಗಾದ ಚಲಾನ್ ಹುಜೂರ್. ಹಳ್ಳಿ ಮಂದಿ. ಅದಾಲತ್ತಿನ ಕಟ್ಟಿ ಹತ್ತಿದ್ರ ಅಂಜಿ ಬಾಯಿಗಿ ಬಂದದ್ದು ಒದರ್ತಾರ."

ಅವನು ನಿಜವಾಗಿ ಹಾಗೇ ತಿಳಿದನೋ, ಅಥವಾ ಎಲ್ಲ ಅರ್ಥ ಮಾಡಿಕೊಂಡೇ ಹೇಳಿದನೋ, ಮಾಶಾಬಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮುನ್ಸಿಫರು ಇಬ್ಬರನ್ನೂ ನೋಡಿದರು, ಕಾಗದದ ರಾಶಿಯನ್ನು ನೋಡಿದರು. ಗಾಡಿ ಹೊಡೆದವನಿಗೆ ಸಣ್ಣ ದಂಡ ಹಾಕಿದರು. ಗಾಡಿಯ ಯಜಮಾನನಿಗೆ, ಇನ್ನು ಮುಂದೆ ಬತ್ತಿಗೆ ಎಣ್ಣೆ ಇದೆಯೋ ಇಲ್ಲವೋ ನೋಡಿಕೊಂಡು ಗಾಡಿ ಕೊಡು ಎಂದರು. ಚಪರಾಸಿ ಮುಂದಿನ ಹೆಸರು ಕೂಗಿದ.

ಅಷ್ಟೇ. ಹೊರಗೆ ಬಂದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಯಾವ ಪೊಲೀಸನೂ ಹಿಂದೆ ಬರಲಿಲ್ಲ. ಬಂದವನು ಸೂಗಪ್ಪ.

"ನಿಂದ್ರು," ಎಂದ.

ಮೂವರೂ ನಿಂತರು.

"ಅಗಸಿ ಮುಂದ ಟಾಂಗಾ ನಿಂದ್ರಿಸಿದಾವ ನೀ ಹೌದಿಲ್ಲೋ?"

"ಹೌದ್ರಿ ಗೌಡ್ರ." ಅಬ್ದುಲ್ ಸಲಾಂ ಮುಖದ ಟವೆಲ್ ತೆಗೆದ.

"ಇಲ್ಲಿತನ ಎಲ್ಲಿದ್ದಿ?"

"ಕುಂಚಾವರಂ ಅಡಿವ್ಯಾಗ್ರಿ. ಅಡಗಿದ್ದೆ."

"ಯಾರಿಗಿ ಅಂಜಿ?"

ಅಬ್ದುಲ್ ಸಲಾಂ ತಲೆ ತಗ್ಗಿಸಿದ. ಸೂಗಪ್ಪ ಮೀಸೆಯ ಮೇಲೆ ಕೈಯಾಡಿಸಿದ. "ಬಂದೂಕ ಹಿಡದವರು ಯಾರು ಅಂತ ನಾನೇ ಹೋಗಿ ಠಾಣ್ಯಾಗ ಹೇಳೀನಿ. ಇಬ್ಬರು ಜೇಲಿನಾಗ ಅದಾರ. ಇಬ್ಬರು ಎಲ್ಲಿಗಿ ಹೋದ್ರೋ ಗೊತ್ತಿಲ್ಲ. ಗಾಡಿ ಹೊಡದವನ ಸುದ್ದಿ ನಾ ತಗೀಲಿಲ್ಲ, ಅವರೂ ಕೇಳಲಿಲ್ಲ. ನಿನ್ನ ಹೆಸರು ಅಬ್ದುಲ್ ಸಲಾಂ ಅಂತ ಇವತ್ತು ಚಪರಾಸಿ ಒದರಿದಾಗಲೇ ನನಗ ಗೊತ್ತಾಗಿದ್ದು."

ಮಾಶಾಬಿಗೆ ಆ ಮಾತು ಒಳಗಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಯಾರೂ ಹುಡುಕಿರಲಿಲ್ಲ. ಅಡವಿಯ ಹೊಗೆ, ಕರ್ನೂಲಿನ ಅಕ್ಕ, ಬಾಗಿಲಲ್ಲಿ ಕೆಮ್ಮಿದವರಿಗೆಲ್ಲ ಬೆಚ್ಚಿದ್ದು, ಎಲ್ಲ ಯಾರೂ ಹುಡುಕದ ಮನುಷ್ಯನ ಸಲುವಾಗಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ಮಾಫ್ ಮಾಡ್ರಿ ಗೌಡ್ರ," ಎಂದ ಅಬ್ದುಲ್ ಸಲಾಂ.

"ನನ್ನ ಯಾಕ ಕೇಳ್ತಿ? ಹುಲ್ಲು ಮತ್ತ ಬೆಳೀತು. ನನ್ನ ತಮ್ಮ ಶರಣಬಸಪ್ಪನ ಕೈ ಮುರದಾರ, ಸೊಟ್ಟ ಕೂಡಿ ಇನ್ನೂ ನೋಯ್ತದ. ಕೇಳೂದಿದ್ರ ಅವನ ಕೇಳು. ಬುಧವಾರ ಬುಧವಾರ ಶಹಾಬಾದ್ ದವಾಖಾನಿಗಿ ಒಯ್ಯಬೇಕು. ಎತ್ತಿನ ಬಂಡ್ಯಾಗ ಕುಲುಕಿ ಕುಲುಕಿ ನೋವು ತಾಳಲಾರದೆ ಅಳ್ತಾನ. ಟಾಂಗಾ ತಗೊಂಡು ಬಾ."

ಬರುತ್ತೀಯೋ ಇಲ್ಲವೋ ಎಂದು ಕೇಳಲಿಲ್ಲ. ರುಮಾಲು ಸರಿಮಾಡಿಕೊಂಡು ಹೊರಟುಹೋದ.

ನಡುವೆ ಉಳಿದ ದಿನ ಮಾಶಾಬಿಯ ಮನೆಯಲ್ಲಿ ಯಾರಿಗೂ ರೊಟ್ಟಿ ಇಳಿಯಲಿಲ್ಲ. ಊರೊಳಗೆ ಕರೆಸಿಕೊಂಡು ಬಡಿದು ಹಾಕಿದರೆ ಕೇಳುವವರು ಯಾರು? "ನಾ ಹೊಡಕೊಂಡು ಹೋಗ್ತೀನಿ, ನೀವು ಮನ್ಯಾಗಿರ್ರಿ," ಎಂದ ಜಟ್ಟೆಪ್ಪ. ಅಬ್ದುಲ್ ಸಲಾಂ ಕುದುರೆಯ ಮೈ ತಿಕ್ಕುತ್ತಲೇ ಇದ್ದ. "ಇಲ್ಲ. ನಾನೇ ಹೋಗಬೇಕು," ಎಂದ. ಬುಧವಾರ ಅವನು ಲಗಾಮು ಹಿಡಿದಾಗ ಮಾಶಾಬಿ ಕೇಳದೆ, ಹೇಳದೆ ಹಿಂದಿನ ಸೀಟಿಗೆ ಹತ್ತಿ ಕೂತಳು.

ಹೊಳೆದಂಡೆಯ ಊರು ಹಗಲಿನಲ್ಲಿ ಬೇರೆ ಯಾವ ಊರಿಗೂ ಭೇದವಿಲ್ಲದ ಹಾಗೆ ಇತ್ತು. ಅಗಸಿ ಕಾಣಿಸಿದ ಕೂಡಲೇ ಅಬ್ದುಲ್ ಸಲಾಮನ ಕೈ ಸಡಿಲಾಗಿ ಕುದುರೆ ತಾನೇ ನಿಂತಿತು. ನೀರಿಗೆ ಹೊರಟ ಹೆಂಗಸರು ಕೊಡ ಹೊತ್ತಲ್ಲೇ ನಿಂತರು. ಕಟ್ಟೆಯ ಮೇಲಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದರು.

ಸೂಗಪ್ಪ ತಮ್ಮನನ್ನು ಕರೆದುಕೊಂಡು ಬಂದ. ಶರಣಬಸಪ್ಪ ಇಪ್ಪತ್ತರ ಹುಡುಗ, ಮೀಸೆ ಈಗಷ್ಟೇ ಮೂಡಿತ್ತು. ಬಲಗೈ ಮೊಣಕೈಯಲ್ಲಿ ಸೊಟ್ಟಾಗಿ ಎದೆಗೆ ಅಂಟಿಸಿದ ಹಾಗಿತ್ತು. ಅಗಸಿಯವರೆಗೆ ನೆಟ್ಟಗೆ ಬಂದವನು ಟಾಂಗಾ ಕಂಡು ನಿಂತುಬಿಟ್ಟ. ಕುದುರೆ ಗೊರಸು ಬಡಿದ ಸದ್ದಿಗೆ ಹಿಂದೆ ಸರಿದ.

"ನಾ ಹತ್ತಂಗಿಲ್ಲ ಅಣ್ಣ. ಇದೇ ಗಾಡಿ. ಇದೇ ಗಾಡಿ ಅದ."

ಮಾಶಾಬಿಗೆ ಆಗ ಹೊಳೆಯಿತು. ತಾವು ಈ ಊರಿಗೆ ಅಂಜಿದಷ್ಟೇ ಈ ಹುಡುಗ ತಮ್ಮ ಟಾಂಗಾಕ್ಕೆ ಅಂಜಿದ್ದಾನೆ. ಅವಳು ಕೆಳಗಿಳಿದಳು. ನಿಂತ ಜನರ ನಡುವೆ ಹಾದು ಅವನ ಮುಂದೆ ಹೋಗಿ ನಿಂತಳು.

"ತಮ್ಮಾ, ನನಗೂ ಅಂಜಿಕಿ ಆಗ್ಯದ. ನೋಡು, ಕೈ ಹೆಂಗ ನಡುಗಾಕತ್ತದ. ನೀ ಹತ್ತು. ನಾ ನಿನ್ನ ಬಾಜೂಕೇ ಕುಂದರ್ತೀನಿ. ನೀ ಇಳಿ ಅಂದಲ್ಲಿ ಇಳಿಸ್ತೀವಿ."

ಅವನು ಅವಳ ಕೈ ನೋಡಿದ. ಆಮೇಲೆ ಎಡಗೈ ಚಾಚಿದ. ಅವಳು ಹಿಡಿದು ಹತ್ತಿಸಿದಳು. ಸೂಗಪ್ಪ ಮುಂದೆ ಅಬ್ದುಲ್ ಸಲಾಮನ ಪಕ್ಕದಲ್ಲಿ ಕೂತ. ಕಟ್ಟೆಯ ಮೇಲಿನವರು ಸರಿದು ದಾರಿ ಬಿಟ್ಟರು.

ಆ ಬೇಸಿಗೆಯೆಲ್ಲ ಬುಧವಾರಕ್ಕೊಮ್ಮೆ ಟಾಂಗಾ ಆ ಅಗಸಿಗೆ ಹೋಯಿತು. ಕೈ ಪೂರ್ತಿ ನೆಟ್ಟಗಾಗಲಿಲ್ಲ, ನೋವು ಮಾತ್ರ ಕಡಿಮೆಯಾಯಿತು. ಒಂದು ದಿನ ಅಬ್ದುಲ್ ಸಲಾಂ ಶರಣಬಸಪ್ಪನನ್ನು ಕೇಳಬೇಕಾದದ್ದನ್ನು ಕೇಳಿದ. ಆ ಹುಡುಗ ಏನಂದ ಎಂಬುದನ್ನು ಅವನು ಮಾಶಾಬಿಗೂ ಹೇಳಲಿಲ್ಲ. ಅವಳೂ ಒತ್ತಾಯ ಮಾಡಲಿಲ್ಲ. ಮನೆಗೆ ಬಂದ ಮೇಲೂ ಎಷ್ಟೋ ತಿಂಗಳು ಅವನು ಹಿತ್ತಲ ಬಾಗಿಲ ಹತ್ತಿರವೇ ಮಲಗುತ್ತಿದ್ದ, ಅವಳು ಓಣಿಯಲ್ಲಿ ಗಂಡಸರ ದನಿ ಕೇಳಿದರೆ ಕೈಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಆದರೆ ಆ ಮೊದಲ ಬುಧವಾರ ನಡೆದದ್ದು ಇಷ್ಟು. ಅಬ್ದುಲ್ ಸಲಾಂ ಕುದುರೆಯನ್ನು ಹೆಜ್ಜೆ ಹೆಜ್ಜೆಗೆ ತಡೆಯುತ್ತ, ತಗ್ಗು ತಪ್ಪಿಸುತ್ತ ನಡೆಸಿದ. ಹೊಳೆ ದಾಟಿ ಶಹಾಬಾದಿನ ಕಾರ್ಖಾನೆ ಚಿಮಣಿಯ ಹೊಗೆ ಕಾಣಿಸಿದಾಗ ಶರಣಬಸಪ್ಪ ಹಿಂದಿನಿಂದ ಮೆಲ್ಲಗೆ ಹೇಳಿದ.

"ಸ್ವಲ್ಪ ಜೋರು ಹೊಡೀರಿ. ದವಾಖಾನಿ ಮುಚ್ಚತದ."